ಹಿತ್ತಿಲ ಕೋಳಿಯ ಮೊಟ್ಟೆಗೆ ನಿಜವಾಗಿ ಬೀಳುವ ಖರ್ಚು ಎಷ್ಟು?

ಹೊಸಗೂಡು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಯ ಹಿತ್ತಿಲಿನಲ್ಲಿ ಆರು ಮೊಟ್ಟೆಕೋಳಿಗಳನ್ನು ಸಾಕಬೇಕೆಂದು ಯೋಚಿಸುತ್ತಿದ್ದೇನೆ. ಮಾರುವ ಉದ್ದೇಶವಿಲ್ಲ, ಮನೆಯವರ ಬಳಕೆಗೆ ಒದಗಿದರೆ ಸಾಕು. ಆದರೆ ಮೊಟ್ಟೆ ಅಗ್ಗವಾಗಿ ಸಿಗುತ್ತದೆ ಎಂಬ ಮಾತನ್ನೇ ಮುಂದಿಟ್ಟು ಮನೆಯವರನ್ನು ಒಪ್ಪಿಸಿರುವುದರಿಂದ, ಗೂಡು ಕಟ್ಟಿಸುವ ಮೊದಲೇ ಆ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ತಿಳಿದುಕೊಳ್ಳಬೇಕಾಗಿದೆ.

ನಾನು ಹಾಕಿದ ಲೆಕ್ಕ ಸರಳವಾದದ್ದು. ಮೊಟ್ಟೆಯಿಡುವ ಒಂದು ಹೇಂಟೆ ದಿನಕ್ಕೆ ಸುಮಾರು 115 ಗ್ರಾಂ ಫೀಡ್ ತಿನ್ನುತ್ತದೆ ಎಂದು ಓದಿದ್ದೇನೆ. ಅಂದರೆ ವರ್ಷಕ್ಕೆ 42 ಕಿಲೋ. ಒಳ್ಳೆಯ ತಳಿಯ ಕೋಳಿ ವರ್ಷಕ್ಕೆ 300 ಮೊಟ್ಟೆ ಇಡುತ್ತದೆ ಎನ್ನುತ್ತಾರೆ. ಭಾಗಿಸಿ ನೋಡಿದರೆ ಒಂದು ಮೊಟ್ಟೆಗೆ 140 ಗ್ರಾಂ ಫೀಡ್ ಆಗುತ್ತದೆ, ಅಷ್ಟು ಫೀಡಿನ ಬೆಲೆಯೇ ಒಂದು ಮೊಟ್ಟೆಯ ಖರ್ಚು ಎಂದು ಹಿಡಿದಿದ್ದೇನೆ. ಅಡುಗೆಮನೆಯಲ್ಲಿ ಉಳಿದದ್ದನ್ನೂ ಹಾಕಿದರೆ ಇದು ಇನ್ನಷ್ಟು ಇಳಿಯಬಹುದಲ್ಲವೇ? ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಏನೇನು ಎಂಬುದನ್ನು ಹಲವು ವರ್ಷ ಸಾಕಿರುವವರು ತಿಳಿಸಿದರೆ ಉಪಕಾರವಾಗುತ್ತದೆ. ಕೋಳಿ ಸಾಕುವುದರಲ್ಲಿರುವ ಸಂತೋಷದ ಬಗ್ಗೆ ನನಗೆ ಸಂಶಯವಿಲ್ಲ, ಇಲ್ಲಿ ಕೇಳುತ್ತಿರುವುದು ಖರ್ಚಿನ ವಿಷಯವನ್ನು ಮಾತ್ರ.

ಜಮಾಖರ್ಚು (ಉತ್ತರ)

ನೀವು ಭಾಗಿಸಿದ್ದು ಸರಿಯಾಗಿಯೇ ಇದೆ. ಆದರೆ ಮೇಲಿನ ಸಂಖ್ಯೆ, ಅಂದರೆ ಫೀಡು, ಇರಬೇಕಾದುದಕ್ಕಿಂತ ಚಿಕ್ಕದು, ಕೆಳಗಿನದು, ಅಂದರೆ ಮೊಟ್ಟೆ, ಇರಬೇಕಾದುದಕ್ಕಿಂತ ದೊಡ್ಡದು. ಹಣದ ಬದಲು ಫೀಡಿನ ತೂಕದಲ್ಲಿ ಲೆಕ್ಕ ಇಟ್ಟದ್ದು ಮಾತ್ರ ಒಳ್ಳೆಯದಾಯಿತು, ಏಕೆಂದರೆ ಬೆಲೆಗಳು ಏರಿಳಿದರೂ ಆ ಲೆಕ್ಕ ಕೆಡುವುದಿಲ್ಲ. ನಾನೂ ಅದೇ ಅಳತೆಯನ್ನು ಮುಂದುವರಿಸುತ್ತೇನೆ. ಅಂಗಡಿಯಲ್ಲಿ ಒಂದು ಮೊಟ್ಟೆಗೆ ಕೊಡುವ ಹಣಕ್ಕೆ ನಿಮ್ಮ ಕಡೆ ಎಷ್ಟು ಗ್ರಾಂ ಫೀಡ್ ಬರುತ್ತದೆ ಎಂಬುದನ್ನು ಒಮ್ಮೆ ನೋಡಿಟ್ಟುಕೊಂಡರೆ, ಕೊನೆಗೆ ಬರುವ ಸಂಖ್ಯೆಯನ್ನು ಅದರ ಪಕ್ಕದಲ್ಲಿಟ್ಟು ನೀವೇ ನಿರ್ಣಯಿಸಬಹುದು.

ಮೊದಲು ಮೊಟ್ಟೆಯ ಸಂಖ್ಯೆಯನ್ನು ನೋಡೋಣ. ವರ್ಷಕ್ಕೆ 300 ಎನ್ನುವುದು ಬಿಳಿ ಲೆಗ್‌ಹಾರ್ನ್‌ನಿಂದ ಬಂದ ಮಿಶ್ರತಳಿಗಳು ಮೊದಲ ವರ್ಷದಲ್ಲಿ, ಬೆಳಕು, ಆಹಾರ, ಉಷ್ಣತೆ ಎಲ್ಲವೂ ಹಿಡಿತದಲ್ಲಿರುವ ಫಾರಂಗಳಲ್ಲಿ ಕೊಡುವ ಸಂಖ್ಯೆ. ಮಾಂಸಕ್ಕೂ ಮೊಟ್ಟೆಗೂ ಆಗುವ ದಪ್ಪ ತಳಿಗಳು 180ರಿಂದ 220ರವರೆಗೆ ಇಡುತ್ತವೆ, ನಾಟಿ ತಳಿಗಳಲ್ಲಿ ಹಲವು ನೂರರ ಗಡಿಯನ್ನೂ ದಾಟುವುದಿಲ್ಲ. ಒಂದು ಮೊಟ್ಟೆ ಹೊಟ್ಟೆಯೊಳಗೆ ರೂಪುಗೊಳ್ಳಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಹೀಗಾಗಿ ಎಷ್ಟೇ ಚೆನ್ನಾಗಿ ಸಾಕಿದರೂ ಪ್ರತಿದಿನ ತಪ್ಪದೆ ಒಂದು ಮೊಟ್ಟೆ ಎಂಬುದು ಇರುವುದಿಲ್ಲ, ಕೆಲವು ದಿನ ಇಟ್ಟ ಮೇಲೆ ಒಂದು ದಿನ ತಪ್ಪುತ್ತದೆ. ಹಗಲು ಚಿಕ್ಕದಾಗುವ ಕಾಲದಲ್ಲಿ ಇಳುವರಿ ಇಳಿಯುತ್ತದೆ, ಏಕೆಂದರೆ ಪೂರ್ಣ ಇಳುವರಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ವರ್ಷಕ್ಕೊಮ್ಮೆ ಗರಿ ಉದುರಿಸಿ ಹೊಸ ಗರಿ ಬರಿಸಿಕೊಳ್ಳುವಾಗ ಎರಡು ಮೂರು ತಿಂಗಳು ಮೊಟ್ಟೆ ಬಹುತೇಕ ನಿಂತೇ ಹೋಗುತ್ತದೆ. ನಾಟಿ ಹೇಂಟೆ ಕಾವಿಗೆ ಕೂತರೆ ಆ ದಿನಗಳೂ ಲೆಕ್ಕದಿಂದ ಹೊರಗೆ. ಈ ಎಲ್ಲ ದಿನಗಳಲ್ಲೂ ಕೋಳಿ ತಿನ್ನುವುದನ್ನು ನಿಲ್ಲಿಸುವುದಿಲ್ಲ ಎಂಬುದೇ ಇಲ್ಲಿರುವ ಮುಖ್ಯ ವಿಷಯ.

ಇನ್ನು ಮರಿಯ ಕಾಲ. ಹಗುರ ತಳಿಯ ಮರಿ ಮೊದಲ ಮೊಟ್ಟೆ ಇಡಲು 18ರಿಂದ 22 ವಾರ ಬೇಕು, ದಪ್ಪ ತಳಿಗಳಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಒಂದು ಮರಿ ಏಳೆಂಟು ಕಿಲೋ ಫೀಡ್ ತಿಂದಿರುತ್ತದೆ, ಮೊದಲ ವಾರಗಳಲ್ಲಿ 32ರಿಂದ 35 ಡಿಗ್ರಿಯಷ್ಟು ಕೃತಕ ಶಾಖವನ್ನೂ ಕೊಟ್ಟಿರಬೇಕಾಗುತ್ತದೆ. ಲಿಂಗ ಗುರುತಿಸದ ಮರಿಗಳನ್ನು ತಂದರೆ ಸುಮಾರು ಅರ್ಧದಷ್ಟು ಹುಂಜಗಳೇ ಆಗುತ್ತವೆ, ಅವು ತಿಂದದ್ದೂ ಹೇಂಟೆಗಳ ಮೊಟ್ಟೆಯ ಮೇಲೆಯೇ ಬೀಳುತ್ತದೆ. ಮೊಟ್ಟೆಗಾಗಿ ಹುಂಜ ಬೇಕಾಗಿಯೇ ಇಲ್ಲ ಎಂಬುದನ್ನು ನಿಮ್ಮ ಮನೆಯವರಿಗೂ ತಿಳಿಸಿಬಿಡಿ, ಈ ಪ್ರಶ್ನೆ ಎಲ್ಲರ ಮನೆಯಲ್ಲೂ ಏಳುತ್ತದೆ.

ಈಗ ಮೂರು ವರ್ಷದ ಲೆಕ್ಕವನ್ನು ಉದಾಹರಣೆಗಾಗಿ ಹಾಕುತ್ತೇನೆ. ಆರು ಹೇಂಟೆ ಮರಿಗಳು, ಪ್ರತಿಯೊಂದೂ ಮೊಟ್ಟೆಗೆ ಬರುವ ಮೊದಲು ಏಳೂವರೆ ಕಿಲೋ ತಿಂದಿವೆ ಎಂದುಕೊಳ್ಳಿ, ಅಲ್ಲಿಗೆ 45 ಕಿಲೋ. ಮೊದಲ ವರ್ಷದ ಕೊನೆಯಲ್ಲಿ ಒಂದು ಕೋಳಿ ಸತ್ತು ಐದು ಉಳಿದರೆ, ಮೂರು ವರ್ಷಗಳಲ್ಲಿ ಅವು ತಿನ್ನುವುದು 252, 210, 210 ಕಿಲೋ. ಒಟ್ಟು 717 ಕಿಲೋ. ಪ್ರತಿ ವರ್ಷ ಇಳುವರಿ ಇಳಿಯುವುದರಿಂದ ಒಂದು ಕೋಳಿಗೆ ಕ್ರಮವಾಗಿ 270, 220, 170 ಮೊಟ್ಟೆ ಎಂದು ಹಿಡಿದರೆ ಒಟ್ಟು 3570 ಮೊಟ್ಟೆ. ಇದರ ಮೇಲೆ ಚೆಲ್ಲಿದ್ದು, ಇಲಿ ತಿಂದದ್ದು, ನೆನೆದು ಬೂಷ್ಟು ಹಿಡಿದು ಎಸೆದದ್ದು ಎಂದು ಶೇಕಡಾ 10 ಸೇರಿಸಿ. ಒಂದು ಮೊಟ್ಟೆಗೆ 221 ಗ್ರಾಂ ಬರುತ್ತದೆ. ದೊಡ್ಡ ಫಾರಂಗಳಲ್ಲಿ ಒಂದು ಕಿಲೋ ಮೊಟ್ಟೆಗೆ ಎರಡು ಕಿಲೋ ಅಥವಾ ಅದಕ್ಕಿಂತ ತುಸು ಹೆಚ್ಚು ಫೀಡ್ ಸಾಕಾಗುತ್ತದೆ. 60 ಗ್ರಾಮಿನ ಮೊಟ್ಟೆಗೆ ಇದು 120ರಿಂದ 130 ಗ್ರಾಂ. ಅವರ ಬೆಲೆಯೊಂದಿಗೆ ಫೀಡಿನಲ್ಲೇ ಪೈಪೋಟಿ ನಡೆಸಲು ನಮಗೆ ಸಾಧ್ಯವಿಲ್ಲ, ಅದೂ ಅವರು ಫೀಡನ್ನು ಟನ್ನುಗಟ್ಟಲೆ ಕೊಳ್ಳುವಾಗ ನಾವು ಒಂದೊಂದೇ ಚೀಲ ತರುತ್ತೇವೆ.

ಗೂಡಿನ ಖರ್ಚನ್ನೂ ಇದೇ ಅಳತೆಗೆ ತರಬಹುದು. ಗೂಡು, ಬೇಲಿ, ಆಹಾರದ ಮತ್ತು ನೀರಿನ ಪಾತ್ರೆಗಳಿಗೆ ಆಗುವ ಹಣದಲ್ಲಿ 500 ಕಿಲೋ ಫೀಡ್ ಕೊಳ್ಳಬಹುದಾಗಿತ್ತು ಎಂದುಕೊಳ್ಳೋಣ. ಆ ಗೂಡು ದುರಸ್ತಿಯೊಂದಿಗೆ ಎರಡು ತಂಡಗಳ ಕಾಲ ಬಾಳಿದರೆ 7140 ಮೊಟ್ಟೆಗಳ ಮೇಲೆ ಹಂಚಿಕೆಯಾಗಿ, ಪ್ರತಿ ಮೊಟ್ಟೆಗೆ 70 ಗ್ರಾಂ ಸವಕಳಿ ಬೀಳುತ್ತದೆ. ಅಲ್ಲಿಗೆ 290 ದಾಟಿತು, ನಿಮ್ಮ 140ರ ಎರಡರಷ್ಟಕ್ಕಿಂತ ಹೆಚ್ಚು. ಇಷ್ಟಾಗಿಯೂ ಗೂಡಿನಲ್ಲಿ ಹಣ ಉಳಿಸಲು ಹೋಗಬೇಡಿ. ಷಟ್ಕೋನದ ಕಣ್ಣುಗಳಿರುವ ತೆಳು ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ನಾಯಿ ಅದನ್ನು ಹರಿಯುತ್ತದೆ, ಇಲಿ ಮತ್ತು ಹಾವು ಅದರ ಕಣ್ಣುಗಳ ಮೂಲಕವೇ ನುಸುಳುತ್ತವೆ. ಅರ್ಧ ಇಂಚು ಕಣ್ಣಿನ ವೆಲ್ಡ್‌ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿಜಾಲರಿ) ಹಾಕಿ, ಅದರ ಅಂಚನ್ನು ನೆಲದೊಳಗೆ ಹೂತು, ಪ್ರಾಣಿಗಳು ಮೂತಿಯಿಂದ ಎತ್ತಲಾಗದ ಚಿಲಕ ಹಾಕಿಸುವುದು ದುಬಾರಿಯೇ. ಆದರೆ ಒಂದೇ ರಾತ್ರಿಯಲ್ಲಿ ಇಡೀ ತಂಡ ಹೋದರೆ ಮೇಲಿನ ಲೆಕ್ಕದ ಕೆಳಗಿನ ಸಂಖ್ಯೆ ಅಲ್ಲಿಗೇ ನಿಲ್ಲುತ್ತದೆ.

ಅಡುಗೆಮನೆಯ ಉಳಿಕೆಯ ಬಗ್ಗೆ ಹೆಚ್ಚಿನ ಆಸೆ ಬೇಡ. ಬೇಯಿಸಿದ ಧಾನ್ಯದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರುತ್ತದೆ, ಸೊಪ್ಪು ತರಕಾರಿಯ ಸಿಪ್ಪೆಯಲ್ಲಿ ಇನ್ನೂ ಹೆಚ್ಚು. ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ಶೇಕಡಾ 16ರಿಂದ 17ರಷ್ಟು ಪ್ರೋಟೀನ್, 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರಬೇಕು. ಒಂದು ಚಿಪ್ಪಿನಲ್ಲೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಕೋಳಿಯ ದೇಹ ತಿಂದದ್ದರಲ್ಲಿ ಅರ್ಧದಷ್ಟನ್ನು ಮಾತ್ರ ದಕ್ಕಿಸಿಕೊಳ್ಳುತ್ತದೆ. ಉಳಿಕೆಯಿಂದ ಹೊಟ್ಟೆ ತುಂಬಿಸಿದರೆ ಫೀಡ್ ಉಳಿಯುವುದು ನಿಜ, ಮೊಟ್ಟೆಯೂ ಕಡಿಮೆಯಾಗುತ್ತದೆ, ಚಿಪ್ಪೂ ತೆಳುವಾಗುತ್ತದೆ. ಒಟ್ಟು ಆಹಾರದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಹಾಕದಿರುವುದು ಕ್ಷೇಮ.

ಮುಂಜಾನೆ ಕೂಗು (ಉತ್ತರ)

ಜಮಾಖರ್ಚು ಅವರ ಲೆಕ್ಕದಲ್ಲಿ ಕಾಯಿಲೆಯ ಬಾಬ್ತು ಬಂದಿಲ್ಲ. ಸಣ್ಣ ತಂಡಕ್ಕೆ ಹೊರೆಯಾಗುವುದು ಔಷಧದ ಬೆಲೆಗಿಂತ ಅದನ್ನು ಮಾರುವ ಪ್ರಮಾಣ. ಕೊಕ್ಕರೆ ರೋಗದ (ರಾಣಿಖೇತ್ ಎಂದೂ ಕರೆಯುವ, ಬೇಗ ಹರಡುವ ವೈರಸ್ ಕಾಯಿಲೆ) ಲಸಿಕೆ ಸಾಮಾನ್ಯವಾಗಿ ನೂರು, ಐನೂರು, ಸಾವಿರ ಕೋಳಿಗಳಿಗೆ ಆಗುವಷ್ಟು ದೊಡ್ಡ ಸೀಸೆಗಳಲ್ಲಿ ಬರುತ್ತದೆ. ಅದನ್ನು ತಂಪಿನಲ್ಲಿಟ್ಟು ತರಬೇಕು, ಒಮ್ಮೆ ದ್ರಾವಣದಲ್ಲಿ ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಬಳಸಿ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಆರು ಕೋಳಿಗಳ ಕಣ್ಣಿಗೆ ಒಂದೊಂದು ಹನಿ ಬಿಟ್ಟು ಉಳಿದ ತೊಂಬತ್ತಕ್ಕೂ ಹೆಚ್ಚು ಹನಿಗಳನ್ನು ನಾಶಪಡಿಸಬೇಕಾಗುತ್ತದೆ. ಇದು ಒಂದು ಸಲಕ್ಕೆ ಮುಗಿಯುವ ಕೆಲಸವೂ ಅಲ್ಲ, ಹಿತ್ತಿಲ ಕೋಳಿಗಳಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಕೊಡುವುದು ರೂಢಿ. ಅಕ್ಕಪಕ್ಕದಲ್ಲಿ ಕೋಳಿ ಸಾಕುವವರೆಲ್ಲ ಒಂದೇ ಬೆಳಗ್ಗೆ ಹಾಕಿಸುವಂತೆ ಮಾತಾಡಿಕೊಂಡರೆ ಈ ಖರ್ಚು ಹತ್ತಿರ ಹತ್ತಿರ ಇಲ್ಲವಾಗುತ್ತದೆ, ರೋಗ ಪಕ್ಕದ ಹಿತ್ತಿಲಿನಿಂದ ಬರುವ ಸಾಧ್ಯತೆಯೂ ತಗ್ಗುತ್ತದೆ. ಐ-2 ಎಂಬ, ಶಾಖವನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುವ ಲಸಿಕೆಯನ್ನು ಇಂಥ ಸಣ್ಣ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಲಾಗಿದೆ. ಅದು ಸಿಗುತ್ತದೆಯೇ ಎಂದು ಪಶುವೈದ್ಯರನ್ನು ವಿಚಾರಿಸಿ. ಕೋಳಿಗಳಿಗೆ ಲಕ್ವ ಹೊಡೆಸುವ ಮಾರೆಕ್ಸ್ ಎಂಬ ವೈರಸ್ ರೋಗದ ಲಸಿಕೆಯನ್ನು ಮರಿ ಹೊರಬಂದ ದಿನವೇ ಹಾಕುವುದರಿಂದ, ಅದನ್ನು ಹಾಕಿಸಿದ ಮರಿಗಳನ್ನೇ ಕೊಳ್ಳುವುದು ಲೇಸು.

ಒಂದು ಕೋಳಿಯನ್ನು ವೈದ್ಯರಿಗೆ ತೋರಿಸುವ ಖರ್ಚು ಬಹುತೇಕ ಆ ಕೋಳಿಯ ಬೆಲೆಯನ್ನು ಮೀರುತ್ತದೆ. ತೋರಿಸುವುದೋ ಬಿಡುವುದೋ ಎಂಬುದನ್ನು ಕೋಳಿ ಹುಷಾರಾಗಿರುವಾಗಲೇ ಮನೆಯವರೆಲ್ಲ ಕೂತು ತೀರ್ಮಾನಿಸಿಕೊಳ್ಳಿ. ಔಷಧ ಕೊಟ್ಟರೆ ಅದರ ಅಂಶ ಮೊಟ್ಟೆಯಲ್ಲಿ ಉಳಿಯುವ ಅವಧಿ ಮುಗಿಯುವವರೆಗೆ ಮೊಟ್ಟೆಯನ್ನು ತಿನ್ನದೆ ಎಸೆಯಬೇಕು, ಆ ಮೊಟ್ಟೆಗಳೂ ಖರ್ಚಿನ ಕಡೆಗೇ ಸೇರುತ್ತವೆ.

ಇದಕ್ಕಿಂತಲೂ ಸದ್ದಿಲ್ಲದೆ ನಷ್ಟ ಮಾಡುವುದು ಕೆಂಪು ನುಸಿ. ಹಗಲೆಲ್ಲ ಅದು ಮರದ ಸಂದುಗಳಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಮಲಗಿದ ಕೋಳಿಗಳ ರಕ್ತ ಹೀರುತ್ತದೆ. ಆದ್ದರಿಂದ ಹಗಲಿನಲ್ಲಿ ಕೋಳಿಯನ್ನು ಎತ್ತಿ ಎಷ್ಟು ಹುಡುಕಿದರೂ ಏನೂ ಕಾಣಿಸುವುದಿಲ್ಲ. ಕತ್ತಲಾದ ಮೇಲೆ ಒಂದು ಬಿಳಿ ಬಟ್ಟೆಯನ್ನು ಕೋಳಿಗಳು ಕೂರುವ ಅಡ್ಡಗೋಲಿನ ತಳಭಾಗಕ್ಕೆ ಒತ್ತಿ ಎಳೆದು ನೋಡಿ. ಬಟ್ಟೆಯ ಮೇಲೆ ಕೆಂಪು ಗೆರೆಗಳು ಮೂಡಿದರೆ ನುಸಿ ಇದೆ ಎಂದು ಅರ್ಥ. ಜುಟ್ಟು ಬಿಳಿಚಿಕೊಂಡು ಮೊಟ್ಟೆ ಇಳಿಯುತ್ತಿರುವಾಗ ಫೀಡನ್ನು ಬದಲಾಯಿಸುತ್ತಾ ಹೋಗುವವರು ಈ ಪರೀಕ್ಷೆಯನ್ನು ಮೊದಲು ಮಾಡುವುದು ಒಳ್ಳೆಯದು. ಅಡ್ಡಗೋಲನ್ನು ಕಳಚಿ ತೆಗೆಯುವಂತೆ ಗೂಡು ಕಟ್ಟಿಸಿದರೆ ಶುಚಿ ಮಾಡುವುದು ಸುಲಭವಾಗುತ್ತದೆ.

ಎರೆಮಣ್ಣು (ಉತ್ತರ)

ಇಬ್ಬರೂ ಖರ್ಚಿನ ಪಟ್ಟಿಯನ್ನು ಬೆಳೆಸುತ್ತಿದ್ದೀರಿ, ಜಮೆಯ ಕಡೆಗೆ ಒಂದು ಸಾಲನ್ನೂ ಬರೆದಿಲ್ಲ. ಒಂದು ಹೇಂಟೆ ದಿನಕ್ಕೆ ನೂರು ಗ್ರಾಮಿಗೂ ಹೆಚ್ಚು ಹಸಿ ಹಿಕ್ಕೆ ಹಾಕುತ್ತದೆ, ಆರು ಕೋಳಿಗಳಿಂದ ವರ್ಷಕ್ಕೆ ಇನ್ನೂರು ಕಿಲೋ ಮೀರುತ್ತದೆ. ಸಾರಜನಕ ಹೇರಳವಾಗಿರುವ ಈ ಗೊಬ್ಬರವನ್ನು ಹಸಿಯಾಗಿಯೇ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ ಎಂಬುದು ನಿಜ, ಆದರೆ ಒಣ ಎಲೆ ಅಥವಾ ಮರದ ಹೊಟ್ಟಿನೊಂದಿಗೆ ಸೇರಿಸಿ ಕೆಲವು ತಿಂಗಳು ಕೊಳೆಯಲು ಬಿಟ್ಟರೆ ಕೈತೋಟಕ್ಕೆ ಬೇರೆ ಗೊಬ್ಬರ ಕೊಳ್ಳುವ ಅಗತ್ಯ ಬಹಳ ಮಟ್ಟಿಗೆ ತಪ್ಪುತ್ತದೆ.

ಹಿತ್ತಿಲಿನಲ್ಲಿ ಓಡಾಡುವ ಕೋಳಿ ಹುಳುಹುಪ್ಪಟೆ, ಕಳೆ, ಬಿದ್ದ ಬೀಜ ಎಲ್ಲವನ್ನೂ ತಿನ್ನುವುದರಿಂದ ಫೀಡಿನಲ್ಲಿಯೂ ಸ್ವಲ್ಪ ಉಳಿತಾಯ ಇದ್ದೇ ಇದೆ. ನಿಮ್ಮ ಹೋಲಿಕೆಯೂ ನನಗೆ ಸರಿಕಾಣುವುದಿಲ್ಲ. ಬಯಲಲ್ಲಿ ಓಡಾಡಿ ಬೆಳೆದ ಕೋಳಿಯ ಮೊಟ್ಟೆಯನ್ನು ಅಂಗಡಿಯಲ್ಲಿ ಕೊಳ್ಳಲು ಹೋದರೆ ಬೆಲೆ ಎಷ್ಟು ಎಂಬುದನ್ನು ನೋಡಿ, ಅದರ ಪಕ್ಕದಲ್ಲಿ ಈ 290 ಗ್ರಾಮನ್ನು ಇಡಬೇಕೇ ಹೊರತು ಪಂಜರದ ಮೊಟ್ಟೆಯ ಪಕ್ಕದಲ್ಲಿ ಅಲ್ಲ. ದಯವಿಟ್ಟು ಯಾರೂ ಈಗ ಕೂಲಿಯ ಲೆಕ್ಕ ತೆಗೆಯಬೇಡಿ.

ಜಮಾಖರ್ಚು (ಉತ್ತರ)

ಗೊಬ್ಬರವನ್ನು ಜಮೆಗೆ ಹಾಕುವುದು ನ್ಯಾಯವೇ, ಆದರೆ ಕೋಳಿ ಇಲ್ಲದಿದ್ದರೂ ಗೊಬ್ಬರಕ್ಕೆ ಹಣ ಕೊಡುತ್ತಿದ್ದವರಿಗೆ ಮಾತ್ರ. ಹಿತ್ತಿಲ ಮೇಯುವಿಕೆಯ ವಿಷಯದಲ್ಲಿ ಒಂದು ಮಾತು. ಚಿಕ್ಕ ಜಾಗದಲ್ಲಿ ಆರು ಕೋಳಿಗಳನ್ನು ಬಿಟ್ಟರೆ ಕೆಲವೇ ವಾರಗಳಲ್ಲಿ ಹಸಿರೆಲ್ಲ ಮುಗಿದು ಬರಿಯ ಕೆದಕಿದ ಮಣ್ಣು ಉಳಿಯುತ್ತದೆ, ಆಮೇಲೆ ಉಳಿತಾಯವೂ ಇಲ್ಲ, ಕೈತೋಟವೂ ಇಲ್ಲ. ಜಾಗವನ್ನು ಭಾಗ ಮಾಡಿ ಸರದಿಯ ಮೇಲೆ ಬಿಡುವವರಿಗೆ ಎರೆಮಣ್ಣು ಅವರ ಮಾತು ಅನ್ವಯಿಸುತ್ತದೆ. ಹಳೆಯ ಮನೆಗಳ ಸುತ್ತ ಉದುರಿದ ಬಣ್ಣದಿಂದ ಮಣ್ಣಿಗೆ ಸೀಸ ಸೇರಿರುವ ಕಡೆ ಕೋಳಿ ಕೆದಕಿದರೆ ಆ ಸೀಸ ಮೊಟ್ಟೆಗೂ ಬರುತ್ತದೆ, ಅಂಥ ಜಾಗದಲ್ಲಿ ಬಿಡಲೇಬಾರದು. ಪಂಜರದ ಮೊಟ್ಟೆಯೊಂದಿಗೆ ಹೋಲಿಸಬಾರದು ಎಂಬ ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ಈಗ ಯಾವ ಮೊಟ್ಟೆಯನ್ನು ಕೊಳ್ಳುತ್ತಿದ್ದಾರೋ ಅದರೊಂದಿಗೇ ಅವರ ಹೋಲಿಕೆ ನಡೆಯಬೇಕು.

ಕೂಲಿಯನ್ನು ಹಣವಾಗಿ ಕಟ್ಟುವುದು ಬೇಡ, ಸಮಯವಾಗಿ ಬರೆದಿಡೋಣ. ನೀರು ಬದಲಾಯಿಸುವುದು, ಫೀಡ್ ಹಾಕುವುದು, ಮೊಟ್ಟೆ ತೆಗೆಯುವುದು, ಹಿಕ್ಕೆ ಬಳಿಯುವುದು, ಸಂಜೆ ಬಾಗಿಲು ಹಾಕುವುದು ಎಲ್ಲ ಸೇರಿ ದಿನಕ್ಕೆ 15 ನಿಮಿಷವಾದರೆ ವರ್ಷಕ್ಕೆ 91 ಗಂಟೆ. ಮರಿಯ ಕಾಲವನ್ನೂ ಸೇರಿಸಿ 3570 ಮೊಟ್ಟೆಗೆ ಹಂಚಿದರೆ ಒಂದು ಮೊಟ್ಟೆಗೆ ಸುಮಾರು ಐದು ನಿಮಿಷ. ಊರಿಗೆ ಹೋಗುವಾಗ ಈ ಹದಿನೈದು ನಿಮಿಷವನ್ನು ಬೇರೆ ಯಾರಿಗಾದರೂ ವಹಿಸಲೇಬೇಕು, ಏಕೆಂದರೆ ಬಿಸಿಲಿನ ದಿನ ಕೆಲವು ಗಂಟೆ ನೀರು ತಪ್ಪಿದರೂ ಇಳುವರಿ ಬೀಳುತ್ತದೆ.

ಹೊಸಗೂಡು (ಪ್ರಶ್ನೆ ಕೇಳಿದವರು)

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಧನ್ಯವಾದಗಳು. ಅಗ್ಗವಾಗುತ್ತದೆ ಎಂಬ ಮಾತನ್ನು ಮನೆಯಲ್ಲಿ ಹಿಂತೆಗೆದುಕೊಂಡಿದ್ದೇನೆ. ಆದರೂ ಸಾಕೋಣ ಎಂದೇ ತೀರ್ಮಾನವಾಗಿದೆ, ಖರ್ಚು ಕೈಮೀರದಂತೆ ನೋಡಿಕೊಂಡರೆ ಸಾಕು ಎನ್ನುತ್ತಿದ್ದಾರೆ. ಮೂರು ವರ್ಷವಾದ ಮೇಲೆ ಏನು ಮಾಡುವುದು ಎಂಬುದು ಮಾತ್ರ ಸ್ಪಷ್ಟವಾಗಿಲ್ಲ. ಕೋಳಿಯನ್ನು ಕೊಯ್ಯಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಹಳೆಯ ಹೇಂಟೆ (ಉತ್ತರ)

ಕೊಯ್ಯುವುದಿಲ್ಲ ಎಂದಾದರೆ ಜಮಾಖರ್ಚು ಅವರ ಮೂರು ವರ್ಷದ ಲೆಕ್ಕ ನಿಮ್ಮದಲ್ಲ. ಚೆನ್ನಾಗಿ ನೋಡಿಕೊಂಡ ಕೋಳಿ ಆರೆಂಟು ವರ್ಷ ಬದುಕುತ್ತದೆ, ಅದರ ಒಳ್ಳೆಯ ಇಳುವರಿ ಮೊದಲ ಎರಡು ಮೂರು ವರ್ಷಗಳಲ್ಲೇ ಮುಗಿದಿರುತ್ತದೆ. ನಾಲ್ಕನೆಯ ವರ್ಷದಲ್ಲಿ ಒಂದು ಕೋಳಿ ನೂರು ಮೊಟ್ಟೆ ಇಟ್ಟರೆ ಆ ವರ್ಷದ ಪ್ರತಿ ಮೊಟ್ಟೆಗೂ 400 ಗ್ರಾಮಿಗಿಂತ ಹೆಚ್ಚು ಫೀಡ್ ಬೀಳುತ್ತದೆ, ಪೂರ್ತಿ ನಿಂತ ಮೇಲೆ ಲೆಕ್ಕವೇ ಇಲ್ಲ. ಇದನ್ನು ಮುದಿಕೋಳಿಗಳ ಪಿಂಚಣಿ ಎಂದು ಮೊದಲೇ ತೆಗೆದಿಟ್ಟುಕೊಳ್ಳಿ. ಅನೇಕರು ಗೂಡಿನ ಖರ್ಚನ್ನು ಜೋಪಾನವಾಗಿ ಬರೆದಿಟ್ಟು ಇದನ್ನು ಮಾತ್ರ ಬಿಟ್ಟಿರುತ್ತಾರೆ, ಆದರೆ ನನ್ನ ಅಂದಾಜಿನಲ್ಲಿ ಇಡೀ ಲೆಕ್ಕದಲ್ಲಿ ಅತಿ ದೊಡ್ಡ ಬಾಬ್ತು ಇದೇ.

ಆರನ್ನೂ ಒಟ್ಟಿಗೆ ತಂದರೆ ಆರೂ ಒಟ್ಟಿಗೆ ಮುದಿಯಾಗುತ್ತವೆ. ಅದರ ಬದಲು ಮೊದಲು ಮೂರು ತಂದು, ಎರಡು ವರ್ಷ ಬಿಟ್ಟು ಇನ್ನೆರಡನ್ನೋ ಮೂರನ್ನೋ ಸೇರಿಸಿಕೊಳ್ಳುತ್ತಾ ಹೋದರೆ ಮನೆಗೆ ಬೇಕಾದಷ್ಟು ಮೊಟ್ಟೆ ನಿಲ್ಲದೆ ಬರುತ್ತದೆ. ಗೂಡನ್ನು ಮಾತ್ರ ಮೊದಲೇ ಎಂಟಕ್ಕೆ ಸಾಲುವಂತೆ ಕಟ್ಟಿಸಿ, ಒಳಗೆ ಒಂದೊಂದು ಕೋಳಿಗೆ ಮೂರು ನಾಲ್ಕು ಚದರ ಅಡಿ, ಅಡ್ಡಗೋಲಿನ ಮೇಲೆ 20ರಿಂದ 25 ಸೆಂಟಿಮೀಟರ್ ಜಾಗ ಇರಲಿ. ಹೊಸ ಕೋಳಿಗಳನ್ನು ಒಂಟಿಯಾಗಿ ತರಬೇಡಿ, ಹಳೆಯವು ಕುಕ್ಕಿ ಕುಕ್ಕಿ ಅದನ್ನು ತಿನ್ನಲೂ ಬಿಡುವುದಿಲ್ಲ. ತಂದ ಮೇಲೆ ಒಂದು ತಿಂಗಳು ಬೇರೆ ಕಡೆ ಇಟ್ಟು, ಕಾಯಿಲೆ ಇಲ್ಲವೆಂದು ಖಚಿತವಾದ ಬಳಿಕವೇ ಸೇರಿಸಿ. ಬೆಳೆಯುತ್ತಿರುವ ಮರಿಗಳಿಗೆ ದೊಡ್ಡವುಗಳ ಲೇಯರ್ ಫೀಡ್ ಸಿಗದಂತೆಯೂ ನೋಡಿಕೊಳ್ಳಬೇಕು, ಅದರಲ್ಲಿರುವ ಕ್ಯಾಲ್ಸಿಯಂ ಮರಿಗಳ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಬೇರೆ ಬೇರೆ ವಯಸ್ಸಿನವು ಒಂದೇ ಗೂಡಿನಲ್ಲಿರುವಾಗ ಎಲ್ಲಕ್ಕೂ ಗ್ರೋವರ್ ಫೀಡ್ (ಬೆಳೆಯುವ ಮರಿಗಳ ಆಹಾರ) ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿ ಇಟ್ಟರೆ ಮೊಟ್ಟೆಯಿಡುವವು ತಮಗೆ ಬೇಕಾದಷ್ಟನ್ನು ತಾವೇ ತಿನ್ನುತ್ತವೆ.

ಖರ್ಚು ಹಿಡಿತದಲ್ಲಿರಬೇಕಾದರೆ ಯಾವ ಕೋಳಿ ಮೊಟ್ಟೆ ಇಡುತ್ತಿದೆ, ಯಾವುದು ಬರಿದೇ ತಿನ್ನುತ್ತಿದೆ ಎಂಬುದು ನಿಮಗೆ ಗೊತ್ತಿರಬೇಕು. ಆರರಲ್ಲಿ ಒಂದು ನಿಂತರೂ ಉಳಿದ ಐದರ ಮೊಟ್ಟೆಗೆ ಬೀಳುವ ಫೀಡು ಐದನೆಯ ಒಂದು ಭಾಗದಷ್ಟು ಏರುತ್ತದೆ. ಇದನ್ನು ತಿಳಿಯಲು ಗೂಡಿನ ಮುಂದೆ ಕಾಯುವ ಅಗತ್ಯವಿಲ್ಲ. ಸಂಜೆ ಕೋಳಿಗಳು ಅಡ್ಡಗೋಲು ಏರಿದ ಮೇಲೆ ಒಂದೊಂದನ್ನೇ ಎತ್ತಿಕೊಂಡು, ತಲೆಯನ್ನು ನಿಮ್ಮ ಕಂಕುಳ ಕಡೆಗೆ ಮಾಡಿ ಹಿಡಿದು, ಗುದದ್ವಾರದ ಕೆಳಗೆ ಎರಡು ಬದಿಗೂ ಕೈಗೆ ಸಿಗುವ ತೆಳು ಮೂಳೆಗಳ ನಡುವೆ ಬೆರಳುಗಳನ್ನು ಅಡ್ಡವಾಗಿ ಇಟ್ಟು ನೋಡಿ. ಎರಡು ಮೂರು ಬೆರಳು ಸಲೀಸಾಗಿ ಹಿಡಿಸಿ, ದ್ವಾರ ಅಗಲವಾಗಿ ತೇವವಾಗಿದ್ದರೆ ಆ ಕೋಳಿ ಮೊಟ್ಟೆ ಇಡುತ್ತಿದೆ. ಒಂದೇ ಬೆರಳು ಹಿಡಿಸಿ, ದ್ವಾರ ಚಿಕ್ಕದಾಗಿ ಒಣಗಿದ್ದು, ಜುಟ್ಟೂ ಮುದುಡಿದ್ದರೆ ನಿಂತಿದೆ. ಗರಿ ಉದುರಿಸುತ್ತಿರುವ ಕೋಳಿಯಾದರೆ ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ, ಅಷ್ಟರಲ್ಲಿ ಹೆಚ್ಚಿನವು ಮತ್ತೆ ಶುರುಮಾಡಿರುತ್ತವೆ.